ಒಬ್ಬರು ಬ್ಯಾಡ ಅಂದ್ರ

ಈ ಸಲ ದೀಪಾವಳಿಗೆ ತಮ್ಮನ ಮಗಳು ಪುಣೆಯಿಂದ ಬಂದಿದ್ಲು. ನಾ ಚಕ್ಕಲಿ ಕರೀಲಿಕ್ಕೆ ನಿಂತಿದ್ದೆ, ಆಕಿ ಬಾಜೂಕ್ಕ ನಿಂತು ಬಿಸಿಬಿಸೀನ ಎತ್ತಿ ತಿನ್ಕೋತ ಮೊಬೈಲ್ ನೋಡ್ಲಿಕತ್ತಿದ್ಲು. ಒಮ್ಮಿಗೇ "ಥೂ, ಇವರೂ ಮಾರಿಕೊಂಡ್ರಲ್ಲ ಅತ್ಯಾ!" ಅಂದ್ಲು. ನನಗ ಎದಿ ಧಸಕ್ ಅಂತು. ಯಾರು ಮಾರಿಕೊಂಡ್ರು, ಏನ ಮಾರಿಕೊಂಡ್ರು ಅಂತ ಕೇಳಿದ್ರ, ಆಕಿ ಕಾಲೇಜಿನಿಂದ ಕೇಳ್ಕೋತ ಬಂದ ಒಂದು ರಾಕ್ ಬ್ಯಾಂಡಿನವರು ತಮ್ಮ ಹಾಡನ್ನ ಯಾವುದೋ ಫೋನಿನ ಜಾಹೀರಾತಿಗೆ ಕೊಟ್ಟಾರಂತ. ಹಾಸ್ಟೆಲ್ಲಿನಾಗ ಒಂದು ವರ್ಷ ಪೇಪರ್ ಉಳಿಸಿಕೊಂಡು ಅಳಕೋತ ಕೂತಾಗ ಆಕಿಗೆ ಜೋಡಿ ಇದ್ದದ್ದು ಅದೇ ಹಾಡಂತ. ಈಗ ಅದರ ಮ್ಯಾಲ ಒಬ್ಬ ಹುಡುಗ ಫೋನ್ ಹಿಡಕೊಂಡು ಕುಣೀಲಿಕತ್ತಾನಂತ.

ಪಡಸಾಲಿಯಿಂದ ತಮ್ಮ ನಗಕೋತ "ಅವರೂ ಹೊಟ್ಟಿಗೆ ತಿನ್ನಬೇಕಲ್ಲೇನವಾ" ಅಂದ. ತಗೊಳ್ರಿ, ಮಗಳು ರಾತ್ರಿ ಊಟದ ತನಕಾ ಅಪ್ಪನ ಜೋಡಿ ಮಾತಾಡಲಿಲ್ಲ.

ಚಕ್ಕಲಿ ಬಿಟ್ಟು ಇದ್ಯಾವ ಸುದ್ದಿ ಹಚ್ಚಿದಿ ಅಂತ ನಮ್ಮ ಓಣಿ ವೈನಿಯವರು ಕೇಳೇ ಕೇಳ್ತೀರಿ. ಆದ್ರ ಹಾಡು ಕೇಳೂ ಮಂದಿಗೆ ಇಂಥಾ ಸಿಟ್ಟು ಯಾಕ ಬರತದ, ಆ ಸಿಟ್ಟಿಗೆ ಹಕ್ಕು ಅದನೋ ಇಲ್ಲೋ ಅನ್ನೂದನ್ನ ನಾ ಮೂರು ವರ್ಷದಿಂದ ವಿಚಾರ ಮಾಡ್ಲಿಕತ್ತೀನಿ. ಯಾಕ ಅನ್ನೂದನ್ನ ಕಡೀಕ ಹೇಳ್ತೀನಿ. ಮೊದಲ ಒಂದು ಕಥಿ ಕೇಳ್ರಿ. ನಗಲಿಕತ್ತಿದ್ದ ನನ್ನ ತಮ್ಮನಿಂದನ ನಂಗ ಈ ಕಥಿ ಗೊತ್ತಾಗಿದ್ದು.

1980ರ ದಶಕದಾಗ ತಮ್ಮ ಇಂಜಿನಿಯರಿಂಗ್ ಕಲೀಲಿಕತ್ತಿದ್ದ. ಹಾಸ್ಟೆಲ್ಲಿನ ಯಾರದೋ ಕಡಿಂದ ಒಂದು ಕ್ಯಾಸೆಟ್ ತುಂಬಿಸಿಕೊಂಡು ಬಂದಿದ್ದ. ಮ್ಯಾಲ ಪೆನ್ನಿಲೆ 'ಡೋರ್ಸ್' ಅಂತ ಬರದಿದ್ದ. ಅಪ್ಪನ ಟೂ-ಇನ್-ಒನ್ ಒಳಗ ಅದನ್ನ ಹಚ್ಚಿದ್ರ ಅವ್ವ ಅಡಗಿಮನಿಯಿಂದ "ಆ ಹುಡುಗಗ ಹೊಟ್ಟಿ ನೋಯ್ತದೇನೋ, ಒಂದೀಟು ಓಂಕಾಳು ಕೊಡ್ರಿ" ಅಂತಿದ್ಲು. ಆ ಹುಡುಗ ಅಂದ್ರ ಜಿಮ್ ಮಾರಿಸನ್. ಪಾಪ, ಅವ ಸತ್ತು ಆಗಲೇ ಎಷ್ಟೋ ವರ್ಷ ಆಗಿತ್ತು. 1971ರ ಜುಲೈದಾಗ ಪ್ಯಾರಿಸ್ಸಿನಾಗ ಹೋದ, ಬರೇ 27 ವರ್ಷದವ.

ಡೋರ್ಸ್ ಅಂದ್ರ ಅಮೆರಿಕಾದ ಲಾಸ್ ಏಂಜಲೀಸಿನಾಗ 1965ರಾಗ ಕಟ್ಟಿದ ನಾಲ್ಕು ಮಂದಿಯ ಬ್ಯಾಂಡು. ಹಾಡಾವ ಮಾರಿಸನ್, ಕೀಬೋರ್ಡ್ ಬಾರಸಾವ ರೇ ಮ್ಯಾಂಝರೆಕ್, ಗಿಟಾರಿಗೆ ರಾಬಿ ಕ್ರೀಗರ್, ಡ್ರಮ್ಮಿಗೆ ಜಾನ್ ಡೆನ್ಸ್‌ಮೋರ್. ಇವರು ಒಂದು ಛೊಲೋ ಕರಾರು ಮಾಡಿಕೊಂಡಿದ್ರು. ಹಾಡು ಯಾರೇ ಬರೀಲಿ, ಬಂದ ರೊಕ್ಕ ನಾಲ್ಕು ಸಮಪಾಲು. ಮತ್ತ ಯಾವ ಮಾತಿಗೂ ನಾಲ್ಕೂ ಮಂದಿ ಹೂಂ ಅನ್ನಬೇಕು, ಒಬ್ಬರು ಬ್ಯಾಡ ಅಂದ್ರ ಮುಗೀತು, ಇಲ್ಲ. ನಮ್ಮ ಕಡೆ ಅಣ್ಣತಮ್ಮಂದ್ರು ಹಿಂಗ ಕರಾರು ಮಾಡಿಕೊಂಡಿದ್ರ ಅರ್ಧ ಕೋರ್ಟ್ ಖಾಲಿ ಆಗತಿದ್ವು.

1968ರಾಗ ಮಾರಿಸನ್ ಊರಾಗ ಇರಲಿಲ್ಲ. ಬ್ಯೂಕ್ ಕಾರಿನವರು ಬಂದು, 'ಲೈಟ್ ಮೈ ಫೈರ್' ಹಾಡು ಜಾಹೀರಾತಿಗೆ ಕೊಡ್ರಿ, 75,000 ಡಾಲರ್ ಕೊಡತೀವಿ ಅಂದ್ರು. ಉಳಿದ ಮೂರು ಮಂದಿ ಹೂಂ ಅಂದುಬಿಟ್ರು. ಮಾರಿಸನ್ ತಿರುಗಿ ಬಂದು ಕೇಳಿದವನ ಬೆಂಕಿ ಆದ. ಸ್ಟೇಜಿನ ಮ್ಯಾಲ ಬ್ಯೂಕ್ ಕಾರು ತಂದು ಸುತ್ತಿಗಿಲೆ ಒಡೀತೀನಿ ಅಂತ ಹೆದರಿಸಿದ. ಮಾತು ಮುರೀತು. ಇದರಾಗ ನನಗ ಹಿಡಿಸಿದ್ದು ಏನಂದ್ರ, ಆ ಹಾಡು ಹೆಚ್ಚೂಕಡಿಮಿ ಕ್ರೀಗರ್ ಬರದದ್ದು. ಬರದವ ಕೊಡ್ಲಿಕ್ಕೆ ತಯಾರಿದ್ದ, ಹಾಡಿದವ ಬ್ಯಾಡ ಅಂದ.

ಮಾರಿಸನ್ ಹೋದ ಮ್ಯಾಲ ಒಮ್ಮೆ ಇವರು ಜಾರಿದ್ರು. ಇಂಗ್ಲೆಂಡಿನಾಗ ಪಿರೆಲ್ಲಿ ಟೈರಿನ ಜಾಹೀರಾತಿಗೆ 'ರೈಡರ್ಸ್ ಆನ್ ದಿ ಸ್ಟಾರ್ಮ್' ಕೊಟ್ರು. ಅದನ್ನ ನೋಡಿ ಡೆನ್ಸ್‌ಮೋರ್‌ಗ ಹೊಟ್ಟ್ಯಾಗ ಕಸಿವಿಸಿ ಆಗಿ, ತನ್ನ ಪಾಲಿನ ರೊಕ್ಕ ಎಲ್ಲಾ ದಾನ ಮಾಡಿದ್ನಂತ, ಅವನ ಬರಕೊಂಡಾನ. ಮುಂದ ಹೊಸ ಶತಮಾನದ ಶುರುವಿನಾಗ ಕ್ಯಾಡಿಲ್ಯಾಕ್ ಕಾರಿನವರು ಬಂದ್ರು. ಬ್ಯೂಕ್, ಕ್ಯಾಡಿಲ್ಯಾಕ್ ಎರಡೂ ಜನರಲ್ ಮೋಟರ್ಸ್ ಮನೀವೇ ಮತ್ತ. ಮೂವತ್ತು ವರ್ಷ ಬಿಟ್ಟು ಅದೇ ಮನಿಯವರು ಇನ್ನೊಮ್ಮೆ ಬಾಗಲಾ ಬಡದಂಗ ಆತು. ಈ ಸಲ ಕೇಳಿದ್ದು 'ಬ್ರೇಕ್ ಆನ್ ಥ್ರೂ'. ರೊಕ್ಕ ಏರಿಸಿಕೋತ ಏರಿಸಿಕೋತ ಒಂದೂವರೆ ಕೋಟಿ ಡಾಲರಿಗೆ ಹೋದ್ರು. ಮ್ಯಾಂಝರೆಕ್, ಕ್ರೀಗರ್ ತಯಾರು. ಡೆನ್ಸ್‌ಮೋರ್ ಬ್ಯಾಡ ಅಂದ. ಮುಗೀತು. ಕ್ಯಾಡಿಲ್ಯಾಕ್‌ನವರು 2002ರಾಗ ಲೆಡ್ ಝೆಪ್ಲಿನ್ ಬ್ಯಾಂಡಿನ 'ರಾಕ್ ಅಂಡ್ ರೋಲ್' ತಗೊಂಡು ಕಾರು ಮಾರಿದ್ರು.

ಅಷ್ಟಕ್ಕ ಮುಗೀಲಿಲ್ಲ. ಉಳಿದ ಇಬ್ಬರು ಡೋರ್ಸ್ ಹೆಸರಿನಾಗ ಹೊಸಾ ಬ್ಯಾಂಡು ಕಟ್ಟಿಕೊಂಡು ತಿರಗಲಿಕ್ಕೆ ಹತ್ತಿದ್ರು. 2003ರಾಗ ಡೆನ್ಸ್‌ಮೋರ್ ಕೋರ್ಟಿಗೆ ಹೋದ, ಮಾರಿಸನ್ ಮನಿಯವರೂ ಅವನ ಕಡೆ ನಿಂತ್ರು. ಅವರು ತಿರುಗಿ ಇವನ ಮ್ಯಾಲ ಹಾಕಿದ್ರು. ಇಷ್ಟು ದೊಡ್ಡ ರೊಕ್ಕಕ್ಕ ಬ್ಯಾಡ ಅಂದದ್ದನ್ನ ಅಲ್ಲಿ ಒಂದು ತಪ್ಪಿನಂಗ ಎತ್ತಿ ತೋರಿಸಿದ್ರು. 2005ರಾಗ ಕೋರ್ಟು ಡೆನ್ಸ್‌ಮೋರ್ ಕಡೆ ಆತು. 2013ರಾಗ ಮ್ಯಾಂಝರೆಕ್ ತೀರಿಕೊಂಡ. 2023ರಾಗ ಮ್ಯಾಂಝರೆಕ್ ಮನಿಯವರು ಮತ್ತ ಕ್ರೀಗರ್ ತಮ್ಮ ತಮ್ಮ ಪಾಲನ್ನ ಪ್ರೈಮರಿ ವೇವ್ ಅನ್ನೂ ಕಂಪನಿಗೆ ಮಾರಿದ್ರು. ಡೆನ್ಸ್‌ಮೋರ್ ತನ್ನ ಪಾಲು ಮಾರಲಿಲ್ಲ.

ಈಗ ಕೇಳೂ ಮಂದಿ ಸುದ್ದಿಗೆ ಬರ್ತೀನಿ. ಡೆನ್ಸ್‌ಮೋರ್ ಯಾಕ ಹಟ ಹಿಡದ ಅಂತ ಅವನ ಹೇಳ್ಯಾನ. ಮಂದಿ ಬಂದು ಅವನ ಕೈ ಹಿಡಕೊಂಡು ಹೇಳ್ತಾರಂತ. ವಿಯೆಟ್ನಾಂ ಯುದ್ಧದಾಗ ಹುಡುಗರು ಈ ಹಾಡು ಕೇಳ್ಕೋತ ಸತ್ರು ಅಂತ ಒಬ್ಬರು, ಜೀವಾ ತಕ್ಕೊಳ್ಳಿಕ್ಕೆ ಹೊಂಟಾವ ಈ ಹಾಡಿನಿಂದ ಉಳದ ಅಂತ ಇನ್ನೊಬ್ಬರು. ಹಂತಾವರ ಮುಂದ ಆ ಹಾಡು ಹಚ್ಚಿ ಕಾರು ತಗೊಳ್ರಿ ಅಂತ ಹೆಂಗ ಅನ್ನೂದು? ಇದು ನನಗ ಅಗದೀ ನಾಟತು.

ಹಾಡು ಕೇಳಿದವರಿಗೆ ಕಾಗದದ ಮ್ಯಾಲ ಏನೂ ಹಕ್ಕಿಲ್ಲ. ನಮ್ಮ ತಮ್ಮಂತೂ ಕ್ಯಾಸೆಟ್ಟೂ ರೊಕ್ಕ ಕೊಟ್ಟು ತಂದಿರಲಿಲ್ಲ. ಆದ್ರ ಹಾಡಿನಾಗ ಕೇಳಿದವರದೂ ಒಂದು ಪಾಲು ಇರತದ ಅಂತ ನನ್ನ ಅಭಿಪ್ರಾಯ. ತವರುಮನಿ ಹಿತ್ತಲದಾಗಿನ ಮಾವಿನ ಗಿಡದಾಗ ನಮಗ ಪಾಲು ಇದ್ದಂಗ. ಅಣ್ಣತಮ್ಮಂದ್ರು ಅದನ್ನ ಕಡಿಸಿ ಶೆಡ್ ಹಾಕಿಸಿದ್ರ ಉತಾರದಾಗ ಅವರದೇ ಹೆಸರು ಇರಬಹುದು, ನಮಗ ಎರಡು ದಿನ ಅನ್ನ ಸೇರಂಗಿಲ್ಲ. ಸೊಸಿಮುದ್ದು "ಗಿಡಕ್ಕ ಯಾಕ ಅಳ್ತೀರಿ, ಕಾಯಿ ಪ್ಯಾಟ್ಯಾಗ ಸಿಗತಾವ" ಅಂದ್ರ ಹೆಂಗ ಆಗತದ, ಹಂಗ ಆಗಿತ್ತು ನಮ್ಮ ಹುಡುಗಿಗೆ ಅಪ್ಪ ನಕ್ಕಾಗ.

ಆದ್ರ ಸಿಟ್ಟು ಮಾಡೋರೆಲ್ಲಾ ಶಾಣ್ಯಾರು ಅಂತ ನಾ ಅನ್ನಂಗಿಲ್ಲ. ಎಷ್ಟೋ ಸಲ ಸಿಟ್ಟು ತಪ್ಪು ಮನಿ ಬಾಗಲಕ್ಕ ಹೋಗಿ ನಿಲ್ಲತದ. 1987ರಾಗ ನೈಕಿ ಬೂಟಿನವರು ಬೀಟಲ್ಸ್ ಬ್ಯಾಂಡಿನ 'ರೆವಲ್ಯೂಷನ್' ಹಾಡು ಜಾಹೀರಾತಿಗೆ ಹಚ್ಚಿದ್ರು. ಕ್ರಾಂತಿ ಅಂತ ಹೆಸರಿದ್ದ ಹಾಡು, ಮಾರಲಿಕ್ಕೆ ಬೂಟು! ಅಭಿಮಾನಿಗಳು ಹೌಹಾರಿದ್ರು. ಆದ್ರ ಅದನ್ನ ಕೊಟ್ಟವರು ಬೀಟಲ್ಸ್‌ನವರಲ್ಲ. ಆ ಹಾಡಿನ ಹಕ್ಕು 1985ರಾಗ ಮೈಕೆಲ್ ಜಾಕ್ಸನ್ ಕೈಗೆ ಹೋಗಿತ್ತು, ರೆಕಾರ್ಡಿಂಗ್ ಕಂಪನಿ ಕೈಯಾಗಿತ್ತು. ಬೀಟಲ್ಸ್ ಕಡಿಯವರು ಅದರ ಮ್ಯಾಲ ಕೇಸ್ ಹಾಕಿ, ಎರಡು ವರ್ಷಕ್ಕ ಒಪ್ಪಂದ ಮಾಡಿಕೊಂಡ್ರು.

ಇಲ್ಲೆ ಒಂದು ಕೊಕ್ಕಿ ಅದ, ಹೋಳಿಗಿ ಲೆಕ್ಕದಾಗ ಹೇಳ್ತೀನಿ. ಹೋಳಿಗಿ ಮಾಡೂ ರೀತಿ ಒಬ್ಬರದು, ಮಾಡಿ ಡಬ್ಬಿಗೆ ಹಾಕಿಟ್ಟ ಹೋಳಿಗಿ ಇನ್ನೊಬ್ಬರದು. ಜಾಹೀರಾತಿನವರಿಗೆ ಎರಡಕ್ಕೂ ಅಪ್ಪಣಿ ಬೇಕು, ಹಾಡಿನ ಮಾತು-ಧಾಟಿಗೆ ಒಂದು, ಹಾಡಿಟ್ಟ ರೆಕಾರ್ಡಿಂಗಿಗೆ ಒಂದು. ಹಾಡಿದಾಕಿ ಬ್ಯಾಡ ಅಂದ್ರ ಕೆಲವರು ಏನ ಮಾಡ್ತಾರ ಗೊತ್ತೇನ್ರಿ? ಬೆಟ್ ಮಿಡ್ಲರ್ ಅನ್ನೂ ಹಾಡಗಾರ್ತಿಗೆ ಫೋರ್ಡ್ ಕಾರಿನ ಜಾಹೀರಾತಿನವರು ಕೇಳಿದ್ರು. ಒಲ್ಲೆ ಅಂತ ಹೇಳಿ ಕಳಿಸಿದ್ಲು. ಅವರು ಹಾಡಿನ ಹಕ್ಕಿದ್ದವರ ಕಡಿಂದ ಅಪ್ಪಣಿ ತಗೊಂಡು, ಮೊದಲ ಆಕಿ ಹಿಂದ ನಿಂತು ಹಾಡತಿದ್ದಾಕಿನ್ನೇ ಕರದು, ಆಕಿ ದನಿಯಂಗ ಹಾಡು ಅಂದ್ರು. ಕೇಳಿದವರಿಗೆಲ್ಲಾ ಅದು ಮಿಡ್ಲರ್‌ನೇ ಅನ್ನಿಸ್ತು. ಆಕಿ ಕೋರ್ಟಿಗೆ ಹೋದ್ಲು. 1988ರಾಗ ಮ್ಯಾಲಿನ ಕೋರ್ಟು, ಹೆಸರಾದ ಹಾಡಗಾರರ ದನಿ ಅವರದೇ, ಮಾಲು ಮಾರಲಿಕ್ಕೆ ಬೇಕಂತಲೇ ನಕಲು ಮಾಡೂದು ತಪ್ಪು ಅಂತು. ಆಮ್ಯಾಲ ಆಕಿಗೆ 4 ಲಕ್ಷ ಡಾಲರ್ ಕೊಡಬೇಕಾತು. ಹೆಣ್ಣಮಕ್ಕಳು ಬ್ಯಾಡ ಅಂದ್ರ ಅದನ್ನ ಕೇಳಿಸಿಕೊಳ್ಳದಿರೋರು ಎಲ್ಲಾ ದೇಶದಾಗೂ ಇದ್ದಾರ, ಬಿಡ್ರಿ.

ಇನ್ನ ಇದರ ಎದುರು ಮಗ್ಗಲಾನೂ ಹೇಳಬೇಕು, ಇಲ್ಲಂದ್ರ ನನ್ನ ತಮ್ಮ ಇದನ್ನ ಓದಿ ಫೋನ್ ಮಾಡ್ತಾನ. ನಿಕ್ ಡ್ರೇಕ್ ಅಂತ ಇಂಗ್ಲೆಂಡಿನ ಹುಡುಗ, ಭಾಳ ಮೆತ್ತಗ ಹಾಡತಿದ್ದ. ಮೂರು ರೆಕಾರ್ಡ್ ಮಾಡಿದ, ಯಾರೂ ತಗೊಳ್ಳಲಿಲ್ಲ. 1974ರಾಗ, 26ನೇ ವಯಸ್ಸಿಗೆ ಅಪ್ಪ-ಅವ್ವನ ಮನ್ಯಾಗ ಸತ್ತ. ಕಾಲು ಶತಮಾನ ಆದಮ್ಯಾಲ ಅಮೆರಿಕಾದಾಗ ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತಿನಾಗ ಅವನ 'ಪಿಂಕ್ ಮೂನ್' ಬಂತು. ರಾತ್ರಿ, ಕಾರಿನಾಗ ನಾಲ್ಕು ಹುಡುಗರು, ಯಾರೂ ಮಾತಾಡಂಗಿಲ್ಲ, ಬರೇ ಈ ಹಾಡು. ಮುಂದ ಒಂದೇ ವರ್ಷದಾಗ ಆ ರೆಕಾರ್ಡು ಹತ್ತಾರು ಸಾವಿರ ಖರ್ಚಾತು. ಮೊದಲಿನಿಂದ ಅವನ ಹಾಡು ಕೇಳ್ಕೋತ ಬಂದವರಿಗೆ ಇದು ಚುಚ್ಚಿರಬೇಕು, ಗುಪ್ತ ದೇವರ ಗುಡಿಗೆ ಒಮ್ಮಿಗೇ ಬಸ್ ಬಿಟ್ಟಂಗ. ಆದ್ರ ಇದ್ದಾಗ ಯಾರೂ ಕೇಳದ ಹುಡುಗನ ದನಿ ಸತ್ತ ಮ್ಯಾಲರ ಇಷ್ಟು ಮನಿ ಮುಟ್ಟಿತಲ್ಲ ಅಂತ ನಾ ಸುಮ್ಮನಾಗ್ತೀನಿ. ಅವನ ಹಾಡಿನ ವ್ಯವಹಾರ ನೋಡಿಕೊಳ್ಳಾಕಿ ಅವನ ಅಕ್ಕ. ಅಕ್ಕನಾದಾಕಿಗೆ ನಾ ಏನನ್ನಲಿ?

ಮನಿ ಬಾಡಗಿ ಕಟ್ಟಲಿಕ್ಕೆ ಆಗದ ಹಾಡಗಾರ ಜಾಹೀರಾತಿಗೆ ಕೊಟ್ರ ಅವಂಗೂ ನಾ ಬೈಯಂಗಿಲ್ಲ. ಬೈಯೋರಾಗ ಹೆಚ್ಚಿನವರು ಹಾಡನ್ನ ಫುಕಟ್ ಕೇಳಿದವರು. ಕೋಟಿ ಕೋಟಿ ಇದ್ದವರು ಕೊಟ್ಟಾಗ ಮಾತ್ರ, ಇನ್ನೂ ಎಷ್ಟು ಬೇಕಿತ್ತಪ್ಪಾ ಅಂತ ಅನ್ನಿಸ್ತದ. ನೀಲ್ ಯಂಗ್ ಅನ್ನಾವ 1988ರಾಗ ಇಂಥಾವರನ್ನ ಚ್ಯಾಷ್ಟಿ ಮಾಡಿ ಒಂದು ಹಾಡು ಕಟ್ಟಿದ. ಎಂಟಿವಿಯವರು ಮೊದಲ ಅದನ್ನ ತೋರಸಂಗಿಲ್ಲ ಅಂದ್ರು, ಮರುವರ್ಷ ಅದಕ್ಕ ವರ್ಷದ ಅತಿ ಛೊಲೋ ವಿಡಿಯೊ ಅಂತ ಬಹುಮಾನ ಕೊಟ್ರು. ದೊಡ್ಡವರ ರೀತಿ ದೊಡ್ಡವರಿಗೇ.

ಅಭಿಮಾನಿಗಳು ಅಂಜೂದು ಯಾತಕ್ಕ ಅನ್ನೂದು ನಮಗೂ ಗೊತ್ತಾಗೂವಂಥಾದ್ದೇ, ನಮಗ ಹೆಸರು ಗೊತ್ತಿಲ್ಲ ಅಷ್ಟ. ಟೈಟನ್ ವಾಚಿನ ಧಾಟಿ ನೆನಪದನಲ್ಲ? ನಮ್ಮ ಬೆಂಗಳೂರಿನ ಕಂಪನಿ, ಬಾಜೂಕ್ಕ ಹೊಸೂರಿನಾಗ ಕಾರಖಾನಿ. 80ರ ದಶಕದ ಕಡೀಕಿನಿಂದ ಟಿವಿಯೊಳಗ ಆ ಧಾಟಿ ಬಂದ್ರ ಮದುವಿಗೆ ಉಡುಗೊರೆ ಕೊಡೂದು ನೆನಪಾಗತಿತ್ತು. ಅದು ಮೊಜಾರ್ಟ್ ಬರದ 25ನೇ ಸಿಂಫನಿಯ ಧಾಟಿ. ಬರದಾಗ ಅವಂಗ 17 ವರ್ಷ. ಒಮ್ಮೆ ನಾವೆಲ್ಲಾ ಕೂತು ಮೊಜಾರ್ಟನ ಮ್ಯಾಲಿನ ಸಿನೆಮಾ 'ಅಮಾಡಿಯಸ್' ನೋಡಲಿಕತ್ತಿದ್ವಿ. ಶುರುವಿಗೇ ಒಬ್ಬ ಮುದುಕ ಕುತ್ತಿಗಿ ಕೊಯ್ಕೊಂಡು ರಕ್ತದಾಗ ಬಿದ್ದಾನ, ಅವನ್ನ ಎತ್ತಿಕೊಂಡು ಓಡ್ಲಿಕತ್ತಾರ, ಹಿಂದ ಇದೇ ಸಂಗೀತ. ನಮ್ಮ ಮನಿಯವರು "ಏ, ಟೈಟನ್!" ಅಂದ್ರು. ಎಲ್ಲಾರೂ ನಕ್ಕುಬಿಟ್ವಿ. ಮೊಜಾರ್ಟ್ 1791ರಾಗ ಸತ್ತಾವ, ಅವಂಗ ಯಾರ ಕೇಳಬೇಕು, ನಮಗೂ ಸಿಟ್ಟು ಬರಲಿಲ್ಲ. ಆ ಧಾಟಿ ನಮ್ಮ ಕಿವಿಗೆ ಮೊದಲ ಬಿದ್ದದ್ದೇ ವಾಚಿನ ಜೋಡಿ. ಆದ್ರ ಅವತ್ತು ನಮಗ ಆ ಸಿನೆಮಾದಾಗ ಅಂಜಿಕಿ ಆಗಬೇಕಾದಲ್ಲೆ ಆಗಲಿಲ್ಲ, ವಾಚು ಕಾಣಿಸ್ತು. ಮೊದಲ ಹಾಡನ್ನ ಎದಿಯಾಗ ಇಟ್ಟುಕೊಂಡವರಿಗೆ ಆಮ್ಯಾಲ ವಾಚು ಬಂದು ಕೂತ್ರ? ಪುಣೆಯ ಹಾಸ್ಟೆಲ್ಲಿನ ಆ ಕೆಟ್ಟ ವರ್ಷ ನೆನಪಾಗೋ ಜಾಗಾದಾಗ ಆ ಹುಡುಗಿಗೆ ಇನ್ನಮ್ಯಾಲ ಫೋನು ಕಾಣಿಸ್ತದ. ಆಕಿ ಸಿಟ್ಟು ಅದಕ್ಕ.

ಈಗ ನಮ್ಮ ಮನಿ ಸುದ್ದಿ.

ಅವ್ವ ಶೇಂಗಾ ಹಿಂಡಿ ಕುಟ್ಟಿಕೋತ ಒಂದು ಗೌರಿ ಹಾಡು ಹಾಡತಿದ್ಲು, ನಿಮ್ಮೊಳಗ ಭಾಳ ಮಂದಿ ಕೇಳೀರಿ. ಅದು ಆಕಿ ಕಟ್ಟಿದ್ದಲ್ಲ, ಆಕಿ ಅವ್ವನಿಂದ ಬಂದದ್ದು. ಆಕಿ ಹೋಗೂ ಹಿಂದಿನ ವರ್ಷ ಅಕ್ಕನ ಸೊಸಿ ಅದನ್ನ ಮೊಬೈಲಿನಾಗ ತುಂಬಿಕೊಂಡಿದ್ಲು. ಒಣಕಿ ಸಪ್ಪಳ, ಬಳಿ ಸಪ್ಪಳ, ನಡುವ ಒಮ್ಮೆ ಕೆಮ್ಮು, ಎಲ್ಲಾ ಅದ. ಅವ್ವ ಹೋದ ಮ್ಯಾಲ ಆಕಿ ಅದನ್ನ ಸ್ಟೇಟಸ್ಸಿಗೆ ಹಾಕಿದ್ಲು. ಅವರಿಂದ ಇವರಿಗೆ, ಇವರಿಂದ ಅವರಿಗೆ ಹೋಗಿ, ಚಟ್ನಿಪುಡಿ ಮಾಡಿ ಮಾರೋ ಒಬ್ಬರ ಕಿವಿಗೆ ಬಿತ್ತು. ಜಾಹೀರಾತಿಗೆ ಬೇಕು, 45 ಸಾವಿರ ಕೊಡತೀವಿ, ಮೂರೂ ಮಕ್ಕಳದು ಸಹಿ ಬೇಕು ಅಂದ್ರು.

ಅಕ್ಕ ಹೂಂ ಅಂದ್ಲು. ಆಕಿಗೆ ಮೊಣಕಾಲಿನ ಆಪರೇಷನ್ ಆಗಬೇಕಿತ್ತು. ತಮ್ಮ, ಇಬ್ಬರೂ ನಿಮ್ಮ ನಿಮ್ಮೊಳಗ ಏನಂತೀರೋ ಅದಕ್ಕ ನಾನೂ ಹೂಂ ಅಂದ. ನಾ ಬ್ಯಾಡ ಅಂದೆ. ಅವ್ವ ಹಿಂಡಿ ಕುಟ್ಟಿದ್ದು ನಮ್ಮ ತಾಟಿಗೆ, ಇನ್ನೊಬ್ಬರ ಪಾಕೀಟಿಗಲ್ಲ ಅಂದೆ. ಈ ಡೋರ್ಸ್ ಕಥಿ ಆಗ ನನ್ನ ತಲ್ಯಾಗ ಇರಲಿಲ್ಲ, ಮಾತು ಹಂಗ ಬಾಯಿಗೆ ಬಂತು. ಅಕ್ಕ ಫೋನಿನಾಗ ಒಂದೇ ಮಾತು ಕೇಳಿದ್ಲು, "ನಿನಗೊಬ್ಬಾಕಿಗೇ ಅವ್ವೇನ ಅಕಿ?"

ನಾ ಆಪರೇಷನ್ನಿಗೆ ಅಂತ ನನ್ನ ಪಾಟ್ಲಿ ಒತ್ತಿ ಇಟ್ಟು ರೊಕ್ಕ ಕಳಿಸಿದೆ. ಅಕ್ಕ ಅದನ್ನ ತಿರುಗಿ ಕಳಿಸಿದ್ಲು. ಅಳಿಯ ಹೆಂಗೋ ಹೊಂದಿಸಿ ಆಪರೇಷನ್ ಮಾಡಿಸಿದ. ಏಳು ತಿಂಗಳು ಅಕ್ಕ ನನ್ನ ಜೋಡಿ ಮಾತಾಡಲಿಲ್ಲ. ಆ ಏಳು ತಿಂಗಳದಾಗ ನಾ ಡೆನ್ಸ್‌ಮೋರ್ ಸುದ್ದಿ ಹುಡುಕಿ ಹುಡುಕಿ ಓದಿದೆ. ಬ್ಯಾಡ ಅಂದವರು ಒಳ್ಳೇವರು ಅಂತ ಓದಲಿಕ್ಕೆ ಹಿತ ಅನ್ನಸತಿತ್ತು ಅಂತ ಇಲ್ಲೆ ಒಪ್ಪಿಕೊಂಡು ಬಿಡ್ತೀನಿ. ಆದ್ರ ಡೆನ್ಸ್‌ಮೋರ್‌ಗ ಉಳಿದಿಬ್ಬರ ಮೊಣಕಾಲು ನೋಯೂ ತ್ರಾಸ ಇರಲಿಲ್ಲ. ಅವರೆಲ್ಲಾ ಉಂಡು ಉಟ್ಟು ಸುಖವಾಗಿದ್ದವರು. ಇವತ್ತು ಸಹಿಗೆ ಕಾಗದ ಮುಂದ ಬಂದ್ರೂ ನಾ ಬ್ಯಾಡ ಅಂತೀನಿ, ಆದ್ರ ಅವತ್ತಿನಂಗ ಫಟ್ಟನ ಅನ್ನಲಿಕ್ಕೆ ಆಗಂಗಿಲ್ಲ. ಮೊದಲ ಗಾಡಿ ಹತ್ತಿ ಅಕ್ಕನ ಮನಿಗೆ ಹೋಗಿ, ಆಕಿ ಬಾಜೂಕ್ಕ ಕೂತು, ಹಾಡನ್ನ ಇಬ್ಬರೂ ಕೂಡಿ ಕೇಳಿ, ಆಮ್ಯಾಲ ಬ್ಯಾಡ ಅಂತಿದ್ದೆ. ಫೋನಿನಾಗ ಅನ್ನಬಾರದಿತ್ತು.

ದೀಪಾವಳಿ ರಾತ್ರಿ ಈ ಕಥಿ ಎಲ್ಲಾ ಹುಡುಗಿಗೆ ಹೇಳಿದೆ. ಆಕಿ ಅಪ್ಪನ ಕಡೆ ತಿರುಗಿ "ನಿಂಗ ಒಳಗಿಂದೊಳಗ ಏನಿತ್ತಪ್ಪಾ ಆವಾಗ?" ಅಂತ ಕೇಳಿದ್ಲು. ತಮ್ಮ ಚಕ್ಕಲಿ ಡಬ್ಬಿ ಮುಚ್ಚಳಾ ತಿರುವಿಕೋತ ಕೂತ, ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ "ಆ ಡೋರ್ಸ್ ಕ್ಯಾಸೆಟ್ಟು ಎಲ್ಲೆ ಇಟ್ಟೀ ಅಕ್ಕಾ?" ಅಂದ. ಅಟ್ಟದ ಮ್ಯಾಲ ಟ್ರಂಕಿನಾಗ ಅದ, ಹಚ್ಚಲಿಕ್ಕೆ ಟೂ-ಇನ್-ಒನ್ ಇಲ್ಲ ಅಂದೆ.

ಹೋದ ಶುಕ್ರವಾರ ಅಕ್ಕ ಫೋನ್ ಮಾಡಿದ್ಲು. ಮೊಣಕಾಲು, ಮೊಮ್ಮಗನ ಹಲ್ಲು, ಮೆಂತೆ ಪಲ್ಯೆದ ರೇಟು ಎಲ್ಲಾ ಆತು. ಇಡೂ ಹೊತ್ತಿಗೆ, "ನನ್ನ ಫೋನು ಕೆಟ್ಟು ಅದರಾಗಿಂದೆಲ್ಲಾ ಹೋತು ನೋಡು. ಅವ್ವಂದು ನಿನ್ನ ಕಡೆ ಅದನಲ್ಲ?" ಅಂದ್ಲು. ಈಗ ಕಳಸ್ತೀನಿ ತಡಿ ಅಂದೆ. "ಕಳಸೂದು ಆಮ್ಯಾಲ ಕಳಸವಂತಿ, ಈಗ ಹಚ್ಚು" ಅಂದ್ಲು. ನಮ್ಮ ಮನಿಯವರ ಫೋನಿನಾಗ ಹಚ್ಚಿ ನನ್ನ ಫೋನಿಗೆ ಹಿಡದೆ. ಹಾಡು ಮುಗದ ಮ್ಯಾಲ ಕಡೀಕ ಅವ್ವ "ಸಾಕ ಬಿಡವಾ, ರಟ್ಟಿ ನೋಯ್ತಾವ" ಅಂತಾಳಲ್ಲ, ಅಲ್ಲೀತನಕಾ ಇಬ್ಬರೂ ಸುಮ್ಮನಿದ್ವಿ. ಆಮ್ಯಾಲ ಅಕ್ಕ "ಇನ್ನೊಮ್ಮೆ ಹಚ್ಚು" ಅಂದ್ಲು.